ಎಕ್ಸ್‌ರೇ ತೊಳೆದ ಒಂಬತ್ತನೇ ತರಗತಿ

ಆ ಕಡೆಯ ಊರುಗಳಲ್ಲಿ ಎಕ್ಸ್‌ರೇ ಫಿಲ್ಮನ್ನು ಯಾರೂ ಎಸೆಯುವುದಿಲ್ಲ. ಕಾಯಿಲೆ ವಾಸಿಯಾಗಿ ವರ್ಷಗಳಾದರೂ ಅದು ನಡುಮನೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ, ಆಸ್ಪತ್ರೆಯ ಕಂದು ಲಕೋಟೆಯ ಸಮೇತ ತೂಗುತ್ತಿರುತ್ತದೆ. ನೆಂಟರು ಬಂದರೆ ಮೊದಲು ನೀರು, ಆಮೇಲೆ ಚಹಾ, ಆಮೇಲೆ ಎಕ್ಸ್‌ರೇ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ‘ಇಲ್ಲಿ ನೋಡ್ರಿ, ಇಲ್ಲಿ ಮುರದಿತ್ತು’ ಎಂದು ಬೆರಳಿಟ್ಟು ತೋರಿಸುವಾಗಿನ ಗತ್ತು ಮದುವೆ ಆಲ್ಬಮ್ ತೋರಿಸುವವರಿಗೂ ಇರುವುದಿಲ್ಲ. ನಾನು ಸೊರಬದವಳು. ನಮ್ಮಲ್ಲೂ ಎಸೆಯುತ್ತಿರಲಿಲ್ಲ. ಆದರೆ ಅಟ್ಟದ ಮೇಲೆ ಇಟ್ಟು, ಯಾರಾದರೂ ಕೇಳಿದರೆ ಅಂಥದ್ದೇನೂ ಇಲ್ಲ ಎನ್ನುತ್ತಿದ್ದೆವು. ಶಿಕಾರಿಪುರ ತಾಲ್ಲೂಕಿನ ಜನರಿಗೆ ಮುಚ್ಚುಮರೆ ಕಡಿಮೆ.

ಈ ವಿಷಯ ನನಗೆ ತಿಳಿದದ್ದು ಯೋಜನಾ ಪದ್ಧತಿಯ ದಯೆಯಿಂದ. ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ಬಳ್ಳಿಗಾವಿ ದಾಟಿ ಒಳಗೆ ಹೋದರೆ ಸಿಗುವ ಒಂದು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಬೆಳಿಗ್ಗೆ ಸೊರಬದಲ್ಲಿ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ನಿಂತುಕೊಂಡೇ ಊರು ಸೇರುವ ಹೊತ್ತಿಗೆ ನನ್ನ ಅರ್ಧ ಸಿಟ್ಟು ಕಂಡಕ್ಟರುಗಳ ಮೇಲೆ ಖರ್ಚಾಗಿರುತ್ತಿತ್ತು. ಉಳಿದದ್ದು ಮಕ್ಕಳ ಪಾಲು. ಅಲ್ಲಿನವರ ‘ಐತ್ರಿ, ಹೋಗೇತ್ರಿ’ಗಳ ನಡುವೆ ನನ್ನ ‘ಎಂತ ಮಾರಾಯ್ರೆ’ ಕೇಳಿದರೆ ಮಕ್ಕಳಿಗೆ ನಗು ಬರುತ್ತಿತ್ತು. ನಗುವುದನ್ನು ಮಾತ್ರ ಶಾಲೆಯ ಹಿಂದೆ ಹೋಗಿ ನಗುತ್ತಿದ್ದರು.

ಆ ವರ್ಷ ನನ್ನನ್ನು ಜಿಲ್ಲಾ ಕೇಂದ್ರಕ್ಕೆ ತರಬೇತಿಗೆ ಕಳಿಸಿದರು. ಬೋಧನೆಯಲ್ಲಿ ತಂತ್ರಜ್ಞಾನ ಮತ್ತು ಯೋಜನಾ ಪದ್ಧತಿ ಎಂಬುದು ಅದರ ಹೆಸರು. ಕಲಿಸಲು ಬಂದವರನ್ನು ಸಂಪನ್ಮೂಲ ವ್ಯಕ್ತಿ ಎಂದು ಕರೆಯಬೇಕಿತ್ತು. ಉಪನ್ಯಾಸ ಪದ್ಧತಿ ಎಷ್ಟು ಕೆಟ್ಟದ್ದು ಎಂಬುದರ ಮೇಲೆ ಅವರು ಬೆಳಗಿನಿಂದ ಊಟದ ಹೊತ್ತಿನವರೆಗೆ ಉಪನ್ಯಾಸ ಕೊಟ್ಟರು. ಊಟವಾದ ಮೇಲೆ, ನೋಟ್ಸ್ ಬರೆಸುವುದು ಮಕ್ಕಳ ಸೃಜನಶೀಲತೆಯನ್ನು ಹೇಗೆ ಕೊಲ್ಲುತ್ತದೆ ಎಂಬುದನ್ನು ನೋಟ್ಸ್ ಬರೆಸಿದರು. ಮಗು ಸಮಸ್ಯೆಯನ್ನು ತಾನೇ ಗುರುತಿಸಬೇಕು, ತಾನೇ ಯೋಜಿಸಬೇಕು, ತಾನೇ ಮಾಡಬೇಕು. ಶಿಕ್ಷಕರು ಅನುಕೂಲಿಸಬೇಕು ಅಷ್ಟೆ. ಇದನ್ನು ನಾವು ಬಾಯಿಪಾಠ ಮಾಡಿದೆವು, ಏಕೆಂದರೆ ಕೊನೆಯಲ್ಲಿ ಪರೀಕ್ಷೆ ಇತ್ತು.

ತರಬೇತಿಯ ಮುಖ್ಯ ಆಕರ್ಷಣೆ ಓವರ್‌ಹೆಡ್ ಪ್ರೊಜೆಕ್ಟರ್. ಪಾರದರ್ಶಕ ಹಾಳೆಯ ಮೇಲೆ ಚಿತ್ರ ಬರೆದು ಅದರ ಗಾಜಿನ ಮೇಲಿಟ್ಟರೆ ಚಿತ್ರ ಗೋಡೆಯಷ್ಟು ದೊಡ್ಡದಾಗಿ ಬೀಳುತ್ತಿತ್ತು. ಒಂದು ಹಾಳೆಯ ಬೆಲೆ ಕೇಳಿ ನಾವೆಲ್ಲ ಮುಖ ಮುಖ ನೋಡಿಕೊಂಡಾಗ, ಸಂಪನ್ಮೂಲ ವ್ಯಕ್ತಿ ಮುಗುಳ್ನಕ್ಕು ಉಪಾಯ ಹೇಳಿದರು. ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ಬ್ಲೀಚಿಂಗ್ ಪೌಡರ್ ಕದಡಿದ ನೀರಲ್ಲಿ ನೆನೆಹಾಕಿ ಉಜ್ಜಿದರೆ ಕಪ್ಪೆಲ್ಲ ಕರಗಿ ಹೋಗುತ್ತದೆ, ಗಾಜಿನಂಥ ಹಾಳೆ ಉಳಿಯುತ್ತದೆ, ಖರ್ಚು ಸೊನ್ನೆ. ಆ ಇಡೀ ತರಬೇತಿಯಲ್ಲಿ ಕೆಲಸಕ್ಕೆ ಬಂದ ಮಾತು ಇದೊಂದೇ, ಮತ್ತು ನನ್ನನ್ನು ಪೇಚಿಗೆ ಸಿಕ್ಕಿಸಿದ್ದೂ ಇದೇ.

ಯಂತ್ರ ನಮ್ಮ ಶಾಲೆಗೂ ಬಂತು. ಹೆಡ್‌ಮಾಸ್ಟರು ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ತಮ್ಮ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ‘ಮೇಡಂ, ಅದರ ಬಲ್ಬ್ ಹೋದ್ರೆ ಶಿವಮೊಗ್ಗದಾಗೂ ಸಿಗಂಗಿಲ್ಲಂತ್ರಿ. ನನ್ ಪೆನ್ಷನ್ನಿಗೆ ಸುತ್ಕೊಂತೈತಿ’ ಎನ್ನುತ್ತಿದ್ದರು. ಬಲ್ಬು ಹೋಗುವ ಭಯವೇನೂ ಬೇಕಿರಲಿಲ್ಲ. ಹಗಲು ಕರೆಂಟಿರುತ್ತಿರಲಿಲ್ಲ, ಬಂದರೆ ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೇ ಶುರುವಾಗಿ, ಬಲ್ಬು ಒಲೆಯ ಕೆಂಡದಂತೆ ಮಿಣಮಿಣ ಎನ್ನುತ್ತಿತ್ತು.

ಆದರೂ ಯೋಜನೆ, ಅಂದರೆ ಪ್ರಾಜೆಕ್ಟು, ಮಾಡಲೇಬೇಕಿತ್ತು. ಅದಕ್ಕೆ ಅಂಕಗಳಿದ್ದವು, ಅವು ವಾರ್ಷಿಕ ಪರೀಕ್ಷೆಗೆ ಸೇರುತ್ತವೆ ಎಂದು ಸುತ್ತೋಲೆ ಬಂದಿತ್ತು. ಜೊತೆಗೆ ಶಿಕಾರಿಪುರದಲ್ಲಿ ತಾಲ್ಲೂಕು ಮಟ್ಟದ ಪ್ರದರ್ಶನ ಬೇರೆ. ಒಂಬತ್ತನೇ ತರಗತಿಯವರಿಗೆ ‘ಮಾನವ ದೇಹ’ ಎಂಬ ವಿಷಯ ಕೊಟ್ಟೆ. ಸಮಸ್ಯೆಯನ್ನು ಮಕ್ಕಳು ತಾವೇ ಗುರುತಿಸಬೇಕಿತ್ತು. ನಾನೇ ಗುರುತಿಸಿ ಬೋರ್ಡಿನ ಮೇಲೆ ಬರೆದೆ. ಮನೆಯಲ್ಲಿರುವ ಹಳೆಯ ಎಕ್ಸ್‌ರೇ ತನ್ನಿ ಎಂದೆ.

ಒಬ್ಬರೂ ತರಲಿಲ್ಲ. ಅಜ್ಜಿಯ ಮೊಣಕಾಲು, ಚಿಕ್ಕಪ್ಪನ ಭುಜ ಇವನ್ನೆಲ್ಲ ಕೊಡಲು ಯಾರಿಗೆ ಮನಸ್ಸು ಬಂದೀತು? ಕಡೆಗೆ ಒಬ್ಬ ಹುಡುಗಿ ತಂದಳು. ಬಸ್ ನಿಲ್ಲುವಲ್ಲಿ ಸೈಕಲ್ ಶಾಪ್ ಇಟ್ಟಿದ್ದವರ ಮಗಳು. ಮಾತು ಕಡಿಮೆ, ಬರವಣಿಗೆ ಮುತ್ತಿನಂಥದ್ದು. ಲಕೋಟೆಯೊಳಗೆ ಅವಳ ಅಪ್ಪನ ಎದೆ ಇತ್ತು. ‘ಅಪ್ಪಗ ಆರಾಮಾಗೇತ್ರಿ ಟೀಚರ್. ಶಾಲಿಗೆ ಬೇಕಂದ್ರ ಒಯ್ಯಿ ಅಂದ’ ಎಂದಳು. ಆ ಫಿಲ್ಮಿನಲ್ಲಿ ಒಂದು ಕಡೆ ಮೇಲ್ಭಾಗದಲ್ಲಿ ಮೋಡದಂಥ ಬಿಳಿ ಕಲೆ ಇತ್ತು. ನಾನು ಡಾಕ್ಟರಲ್ಲ. ಆರಾಮಾಗಿದೆ ಎಂದಮೇಲೆ ಆರಾಮಾಗಿದೆ ಎಂದುಕೊಂಡೆ.

ಬಾವಿಗೆ ಹಾಕಲೆಂದು ಪಂಚಾಯ್ತಿಯಲ್ಲಿದ್ದ ಬ್ಲೀಚಿಂಗ್ ಪೌಡರ್ ತರಿಸಿ, ಅಂಗಳದಲ್ಲಿ ಬಕೆಟ್ ಇಟ್ಟು, ಫಿಲ್ಮನ್ನು ಮುಳುಗಿಸಿದೆವು. ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಸುತ್ತ ನಿಂತರು. ಸ್ವಲ್ಪ ಹೊತ್ತಿಗೆ ಕಪ್ಪು ಬಣ್ಣ ಲೋಳೆಲೋಳೆಯಾಗಿ ಕಳಚತೊಡಗಿತು. ಕೋಲಿನಿಂದ ಎತ್ತಿ, ನೀರು ಹೊಯ್ದು, ಬಟ್ಟೆಯಲ್ಲಿ ಉಜ್ಜಿದರೆ ಪಕ್ಕೆಲುಬೂ ಇಲ್ಲ, ಕಲೆಯೂ ಇಲ್ಲ. ಆಚೆಗಿನ ಹುಣಸೆಮರ ಸ್ವಚ್ಛವಾಗಿ ಕಾಣುತ್ತಿತ್ತು. ಮಕ್ಕಳು ಹೋ ಎಂದು ಕೂಗಿದರು. ನನಗೂ ಖುಷಿಯಾಗಿ ‘ನೋಡಿ, ಒಂದು ಕಲೆ ಉಳಿಯಲಿಲ್ಲ’ ಎಂದೆ. ಆ ಹಾಳೆಯ ಮೇಲೆ ಹೃದಯದ ಚಿತ್ರ ಬರೆದು, ಅಪರೂಪಕ್ಕೆ ಕರೆಂಟು ಬಂದ ಒಂದು ಮಧ್ಯಾಹ್ನ ಗೋಡೆಗೆ ಬಿಟ್ಟಾಗ ಹೆಡ್‌ಮಾಸ್ಟರೂ ಬಾಗಿಲಲ್ಲಿ ನಿಂತು ನೋಡಿದರು, ಒಂದು ಕಣ್ಣು ಬಲ್ಬಿನ ಮೇಲಿಟ್ಟು.

ಮರುದಿನದಿಂದ ಎಕ್ಸ್‌ರೇಗಳು ಬರತೊಡಗಿದವು. ಮಕ್ಕಳ ಕೈಯಲ್ಲಿ ಮೊದಲು, ಆಮೇಲೆ ದೊಡ್ಡವರೇ ಬಂದರು. ಊರುಗೋಲು ಹಿಡಿದ ಒಬ್ಬ ಅಜ್ಜಿ ಸೆರಗಿನೊಳಗಿಂದ ತನ್ನ ಮೊಣಕಾಲು ತೆಗೆದುಕೊಟ್ಟು, ತೊಳೆಯುವ ತನಕ ಜಗಲಿಯ ಮೇಲೆ ಕೂತಿದ್ದಳು. ಗೇಣಿಗೆ ಗದ್ದೆ ಮಾಡುವ ಒಬ್ಬರು ಮುರಿದ ಭುಜದ ಜೊತೆ ತೆಂಗಿನಕಾಯಿ, ಎಲೆ ಅಡಿಕೆ ತಂದರು. ಇನ್ನೊಬ್ಬರು ತಾವು ತಂದದ್ದನ್ನು ಸೈಕಲ್ ಶಾಪಿನವರ ಮಗಳೇ ತೊಳೆಯಬೇಕು, ಅವಳ ಕೈಗುಣ ಚೆನ್ನಾಗಿದೆಯಂತೆ ಎಂದರು. ತೊಳೆದ ನೀರನ್ನು ಒಂದು ತಂಬಿಗೆ ಕೊಡಿ ಎಂದು ಒಬ್ಬಾಕೆ ಕೇಳಿದಾಗ ನನಗೆ ಗಾಬರಿಯಾಯಿತು.

‘ನೀರು ಯಾಕ್ರೀ?’

‘ಸೊಂಟಕ್ಕ ಹಚ್ಕೊಂತೀನ್ರಿ ಅಕ್ಕೋರೇ. ಫಿಲಂ ಐತಲ್ಲ, ಅದು ನಮ್ಮತ್ತೀದು. ನನ್ದು ಇನ್ನೂ ತಗಸಿಲ್ಲ.’

ಆಗ ಅರ್ಥವಾಯಿತು. ಕಣ್ಣು ನೋವು ಬಂದರೆ ದೇವರಿಗೆ ಬೆಳ್ಳಿಯ ಕಣ್ಣು ಒಪ್ಪಿಸುವ, ಕಾಲು ಮುರಿದರೆ ಬೆಳ್ಳಿಯ ಕಾಲು ಒಪ್ಪಿಸುವ ಊರು ಅದು. ಅಂಗದ ಆಕಾರವನ್ನು ಕೊಟ್ಟರೆ ಅಂಗದ ನೋವು ಹೋಗುತ್ತದೆ ಎಂಬುದು ಅವರಿಗೆ ತಲೆತಲಾಂತರದಿಂದ ಗೊತ್ತಿದ್ದ ಸಂಗತಿ. ಈಗ ಶಾಲೆಯವರು, ಅದೂ ಸರ್ಕಾರದವರು, ಅಂಗದ ಸಾಕ್ಷಾತ್ ಫೋಟೋವನ್ನೇ ತೆಗೆದುಕೊಂಡು ಕಣ್ಣೆದುರಿಗೇ ಕಲೆ ತೆಗೆದುಕೊಡುತ್ತಿದ್ದರು. ಬೆಳ್ಳಿಯ ಖರ್ಚೂ ಇಲ್ಲ. ಯೋಚಿಸಿ ನೋಡಿದರೆ ಅವರ ತರ್ಕದಲ್ಲಿ ತಪ್ಪು ಹುಡುಕುವುದು ನನಗೆ ಕಷ್ಟವಾಯಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಬಕೆಟ್ ಕವುಚಿ ಹಾಕಿ, ಇನ್ನು ಯಾರೂ ಎಕ್ಸ್‌ರೇ ತರಕೂಡದು ಎಂದು ಗೇಟಿನ ಹತ್ತಿರ ನಿಂತು ಕೂಗಾಡಿದೆ. ಹೆಡ್‌ಮಾಸ್ಟರಿಗೆ ಅದು ಹಿಡಿಸಲಿಲ್ಲ. ವರದಿಯಲ್ಲಿ ಸಮುದಾಯದ ಸಹಭಾಗಿತ್ವ ಎಂಬ ಕಲಮು ಇತ್ತು, ಅದರಲ್ಲಿ ಬರೆಯಲು ಅವರಿಗೆ ಸೇವೆಯಲ್ಲೇ ಮೊದಲ ಬಾರಿ ಏನಾದರೂ ಸಿಕ್ಕಿತ್ತು.

ನಿಜವಾದ ಅಪಾಯ ಕಂಡದ್ದು ಅದೇ ವಾರ, ಬಸ್ಸಿಗೆ ಕಾಯುತ್ತಿದ್ದಾಗ. ಸೈಕಲ್ ಶಾಪಿನ ಮುಂದೆ ಗಿರಾಕಿಗಳು ತಾವೇ ಪಂಪು ಹಿಡಿದು ಗಾಳಿ ಹೊಡೆದುಕೊಳ್ಳುತ್ತಿದ್ದರು. ಹುಡುಗಿಯ ಅಪ್ಪ ಸ್ಟೂಲಿನ ಮೇಲೆ ಕೂತು, ಟವೆಲ್ ಬಾಯಿಗೆ ಅಡ್ಡ ಹಿಡಿದು ಕೆಮ್ಮುತ್ತಿದ್ದರು. ಮೊದಲೆಲ್ಲ ನಿಮಿಷದಲ್ಲಿ ಟಯರ್ ಬಿಗಿ ಮಾಡಿ ಬೆರಳಲ್ಲಿ ಟಣ್ ಎನ್ನಿಸುತ್ತಿದ್ದ ಮನುಷ್ಯ.

‘ಔಷಧಿ ತಗೊಳ್ತಿದೀರಾ?’ ಎಂದೆ.

‘ಯಾಕ್ರಿ ಇನ್ನು? ಮೊದ್ಲ ಬಿಟ್ಟಿದ್ದೆ. ಆ ಗುಳಿಗಿ ನುಂಗಿದ್ರ ಮೂತ್ರ ಕೆಂಪಗ ಹೋಗ್ತಿತ್ರಿ, ರಕ್ತ ಹೋದಂಗ. ಸ್ವಲ್ಪ ಅಂಜಿಕಿ ಇತ್ತು ಬಿಟ್ಟಿದ್ದಕ್ಕ. ಈಗ ಅದೂ ಇಲ್ಲ. ಎದಿಯೊಳಗಿನ ಕಲಿ ನಿಮ್ ಮಕ್ಳು ತೊಳದ್ರಲ್ರಿ.’

‘ಎಂತ ಹೇಳ್ತೀರಿ ಮಾರಾಯ್ರೆ! ತೊಳೆದದ್ದು ಫಿಲ್ಮು, ನಿಮ್ಮ ಎದೆ ಅಲ್ಲ.’

‘ಹೌದ್ರಿ’ ಎಂದರು.

‘ನನ್ನ ಫೋಟೋ ತೊಳೆದರೆ ನಾನು ಅಳಿಸಿಹೋಗ್ತೀನಾ?’

‘ಇಲ್ರಿ.’

‘ಮತ್ತೆ? ನಾಳೆಯೇ ಆಸ್ಪತ್ರೆಗೆ ಹೋಗಬೇಕು ನೀವು.’

‘ಆಗ್ಲಿ ಬಿಡ್ರಿ ಅಕ್ಕೋರೇ.’

ಆ ಸೀಮೆಯಲ್ಲಿ ಸಾಕಷ್ಟು ವರ್ಷ ಕೆಲಸ ಮಾಡಿದ್ದೆ. ‘ಆಗ್ಲಿ ಬಿಡ್ರಿ’ ಎಂದರೆ ಆಗುವುದಿಲ್ಲ ಎಂದು ಗೊತ್ತಿತ್ತು. ಆದರೂ ಬಿಡಲಿಲ್ಲ. ಆರೋಗ್ಯ ಕೇಂದ್ರದ ಸಿಸ್ಟರನ್ನು ಕಳಿಸಿದೆ. ಅವರಿಗೂ ಆಗ್ಲಿ ಬಿಡ್ರಿ. ಶ್ವಾಸಕೋಶದ ಚಾರ್ಟನ್ನೇ ಹಿಡಿದುಕೊಂಡು ಹೋಗಿ ಶಾಪಿನ ಮುಂದೆ ಪಾಠ ಮಾಡಿದೆ. ಅವರು ಸ್ಟೂಲು ಬಿಟ್ಟುಕೊಟ್ಟು, ನಿಂತು, ಗೌರವದಿಂದ ಕೇಳಿದರು. ಬಿ.ಎಡ್ ಓದುವಾಗ ಕೊಟ್ಟ ಯಾವ ಮಾದರಿ ಪಾಠಕ್ಕೂ ನನಗೆ ಅಂಥ ಒಳ್ಳೆಯ ವಿದ್ಯಾರ್ಥಿ ಸಿಕ್ಕಿರಲಿಲ್ಲ. ಮುಗಿದ ಮೇಲೆ ‘ಚಲೋ ಹೇಳಿದ್ರಿ’ ಎಂದು ಮೆಚ್ಚಿಕೊಂಡು ಕೆಮ್ಮಿದರು. ಬಸ್ಸಿನಲ್ಲಿ ಸೊರಬದ ತನಕ ನನಗೆ ಅಳು ಬರುವಷ್ಟು ಸಿಟ್ಟು. ಒಂದು ಊರಿಗೆ ವಿಜ್ಞಾನ ಕಲಿಸಲು ಹೋಗಿ ಒಬ್ಬ ಮನುಷ್ಯನನ್ನು ಸಾವಿನ ಕಡೆ ತಳ್ಳಿದ ಹಾಗಾಯಿತಲ್ಲ ಎಂದು.

ಎರಡು ದಿನ ಬಿಟ್ಟು ಆ ಹುಡುಗಿಯೇ ಬಂದಳು. ಊಟದ ಬಿಡುವಿನಲ್ಲಿ, ಲ್ಯಾಬೆಂದು ನಾವು ಕರೆಯುತ್ತಿದ್ದ ಮೂಲೆಯ ಬೀರುವಿನ ಹತ್ತಿರ ನಿಂತು ನೆಲ ನೋಡುತ್ತಾ ಹೇಳಿದಳು.

‘ಟೀಚರ್, ನನ್ ಪ್ರಾಜೆಕ್ಟ್ ಬದಲ್ ಮಾಡಬಹುದೇನ್ರಿ?’

‘ಯಾಕೆ?’

‘ಅಪ್ಪ ಬೆಳಿಗ್ಗೆ ಉಗುಳಿದ್ರಾಗ ಕೆಂಪು ಕಾಣ್ತು. ಅವ್ವ ಹೇಳಿದ್ರೂ ಕೇಳಲ್ಲ, ನೀವು ಹೇಳಿದ್ರೂ ಕೇಳ್ಲಿಲ್ಲ. ಆದ್ರ ಶಾಲಿ ಕೆಲಸ ಅಂದ್ರ ಮಾಡ್ತಾನ್ರಿ. ಅಪ್ಪ ಗುಳಿಗಿ ನುಂಗೋದ ನನ್ ಪ್ರಾಜೆಕ್ಟ್ ಅಂತ ಮಾಡ್ರಿ.’

ಹುಡುಗಿ ಹೇಳಿದ್ದು ನಿಜ. ಹಿಂದಿನ ವರ್ಷ ಸಮಾಜದ ಮೇಷ್ಟ್ರು ಮಣ್ಣಿನ ಮಾದರಿ ತನ್ನಿ ಎಂದಾಗ, ಉಳಿದವರೆಲ್ಲ ಹಿತ್ತಲ ಮಣ್ಣನ್ನೇ ಬೇರೆ ಬೇರೆ ಪೊಟ್ಟಣ ಕಟ್ಟಿ ತಂದರೆ, ಅವಳ ಅಪ್ಪ ಅಂಗಡಿ ಮುಚ್ಚಿ ಬಂದಳಿಕೆಯ ತನಕ ಸೈಕಲ್ ತುಳಿದು ಮಣ್ಣು ತಂದಿದ್ದರು. ತಾವು ಮೂರನೇ ಇಯತ್ತೆಗೇ ಶಾಲೆ ಬಿಟ್ಟವರು. ಶಾಲೆಯವರು ಕೊಟ್ಟ ಕೆಲಸ ಅವರಿಗೆ ದೇವರು ಹೇಳಿದ್ದಕ್ಕಿಂತ ಒಂದು ಕೈ ಮೇಲೆ.

ಮಗು ಸಮಸ್ಯೆಯನ್ನು ತಾನೇ ಗುರುತಿಸಬೇಕು ಎಂದು ಬಾಯಿಪಾಠ ಮಾಡಿದ್ದು ಆಗ ನೆನಪಾಯಿತು. ಅಲ್ಲಿಯವರೆಗೆ ಅದಕ್ಕೆ ಒಂದು ಅರ್ಥ ಇರಬಹುದು ಎಂದು ನನಗೆ ಹೊಳೆದಿರಲಿಲ್ಲ.

ಯೋಜನೆಯ ಶೀರ್ಷಿಕೆ: ಔಷಧಿಯ ಕ್ರಮಬದ್ಧ ಸೇವನೆ ಮತ್ತು ಅದರ ಪರಿಣಾಮ. ಮೊದಲ ಹಂತ ಕ್ಷೇತ್ರ ಭೇಟಿ. ಹೆಣ್ಣುಮಗಳು ಒಬ್ಬಳೇ ಶಿಕಾರಿಪುರಕ್ಕೆ ಹೋಗುವ ಹಾಗಿಲ್ಲವಲ್ಲ, ತಂದೆ ಜೊತೆಗೆ ಬರತಕ್ಕದ್ದು ಎಂದು ಶಾಲೆಯ ಸೀಲು ಹಾಕಿ ಬರೆದುಕೊಟ್ಟೆ. ರೋಗಿಯಾಗಿ ಬರಲು ಒಪ್ಪದ ಮನುಷ್ಯ ಮಗಳ ಕಾವಲಿಗೆಂದು ಇಸ್ತ್ರಿ ಅಂಗಿ ತೊಟ್ಟು ಬಂದರು. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಎಲ್ಲವನ್ನೂ ಪಿಸುಗುಟ್ಟಿ ಹೇಳಿದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಹುಡುಗಿಯನ್ನು ನೋಡಿ, ‘ಪ್ರಾಜೆಕ್ಟಿಗೆ ಒಬ್ಬ ಪೇಷೆಂಟ್ ಬೇಕಲ್ಲ, ನೀವೇ ಆಗ್ತೀರಾ?’ ಎಂದು ಕೇಳಿದರು. ಮಗಳು ಪೆನ್ನು ಹಿಡಿದು ನಿಂತಿದ್ದಳು. ಅಪ್ಪ ಅಂಗಿ ಬಿಚ್ಚಿದರು. ಕಫದ ಪರೀಕ್ಷೆ, ಹೊಸ ಎಕ್ಸ್‌ರೇ, ಎಲ್ಲ ಆಯಿತು. ಕಲೆ ಮೊದಲಿಗಿಂತ ದೊಡ್ಡದಾಗಿತ್ತು. ಕ್ಷಯದ ಗುಳಿಗೆ ನಡುವೆ ಬಿಟ್ಟದ್ದರಿಂದ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಈ ಸಲ ಬಿಟ್ಟರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನನಗೆ ಹೊರಗೆ ಕರೆದು ಹೇಳಿದರು. ಹುಡುಗಿ ಬಾಗಿಲ ಹಿಂದೆಯೇ ಇದ್ದಳು, ಕೇಳಿಸಿಕೊಂಡಳು. ಬರುವಾಗ ಬಸ್ಸಿನಲ್ಲಿ ಅವಳ ಅಪ್ಪ ಹೊಸ ಫಿಲ್ಮಿನ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು, ‘ಇದನ್ನ ಯಾವಾಗ ತೊಳಿತೀರಿ?’ ಎಂದು ಕೇಳಿದರು.

ಆಮೇಲೆ ದಿನವೂ ಬೆಳಿಗ್ಗೆ ನಾನು ಬಸ್ಸಿಳಿಯುವ ಹೊತ್ತಿಗೆ ಶಾಪಿನ ಮುಂದೆ ಆ ಹುಡುಗಿ ಮತ್ತು ಅವಳ ಗೆಳತಿಯರು ಸಾಲಾಗಿ ನಿಂತಿರುತ್ತಿದ್ದರು. ಒಬ್ಬಳ ಕೈಯಲ್ಲಿ ಗುಳಿಗೆ, ಒಬ್ಬಳ ಕೈಯಲ್ಲಿ ನೀರು. ಅಪ್ಪ ನುಂಗಿ ಬಾಯಿ ತೆರೆದು ತೋರಿಸಬೇಕು, ನಾಲಿಗೆ ಎತ್ತಬೇಕು. ಆಮೇಲೆ ಗೋಡೆಗೆ ಅಂಟಿಸಿದ ಡ್ರಾಯಿಂಗ್ ಶೀಟಿನಲ್ಲಿ ಹಸಿರು ಚುಕ್ಕೆ. ಟಯರಿಗೆ ಗಾಳಿ ಹಾಕಿಸಲು ಬಂದವರೂ ನಿಂತು ನೋಡುತ್ತಿದ್ದರು. ಮೂತ್ರ ಕೆಂಪಾಗುವುದು ಗುಳಿಗೆಯ ಬಣ್ಣದಿಂದ, ರಕ್ತದಿಂದಲ್ಲ ಎಂದು ಮಗಳು ಡಾಕ್ಟರಿಂದ ಕೇಳಿ ಬಂದು ಹೇಳಿದಳು. ‘ಅದನ್ನೂ ಚಾರ್ಟಿನ್ಯಾಗ ಬರೀತೀಯೇನ?’ ಎಂದು ಅಪ್ಪ ಆತಂಕದಿಂದ ಕೇಳಿದ್ದರಂತೆ. ಬರೆದಳು, ‘ವೀಕ್ಷಣೆ’ ಎಂಬ ತಲೆಬರಹದ ಕೆಳಗೆ, ಮುತ್ತಿನಂಥ ಅಕ್ಷರದಲ್ಲಿ.

ಪ್ರದರ್ಶನದ ದಿನ ಬಂತು. ಶಿಕಾರಿಪುರದ ಒಂದು ಶಾಲೆಯ ಸಭಾಂಗಣ ತುಂಬ ಥರ್ಮಾಕೋಲಿನ ಅಣೆಕಟ್ಟುಗಳು, ಬೆಂಕಿ ಉಗುಳುವ ಜ್ವಾಲಾಮುಖಿಗಳು, ಬಲ್ಬು ಹತ್ತಿ ಆರುವ ಸೌರಮಂಡಲಗಳು. ಅವುಗಳ ಪಕ್ಕದಲ್ಲಿ ಮಕ್ಕಳು, ಮಕ್ಕಳ ಹಿಂದೆ ಫೆವಿಕಾಲ್ ಅಂಟಿದ ಬೆರಳುಗಳ ಮೇಷ್ಟ್ರುಗಳು. ನಮ್ಮ ಮೇಜಿನ ಮೇಲೆ ಹಸಿರು ಚುಕ್ಕೆಗಳ ಚಾರ್ಟು, ಖಾಲಿ ಗುಳಿಗೆ ಪಟ್ಟಿಗಳು, ತೂಕ ಸ್ವಲ್ಪ ಏರಿದ್ದನ್ನು ತೋರಿಸುವ ನಕ್ಷೆ. ಮೇಜಿನ ಪಕ್ಕದಲ್ಲಿ ಇಸ್ತ್ರಿ ಅಂಗಿಯ ಅಪ್ಪ, ತಾವೂ ಪ್ರದರ್ಶನದ ಒಂದು ವಸ್ತು ಎಂಬ ಗಾಂಭೀರ್ಯದಲ್ಲಿ.

ತೀರ್ಪುಗಾರರು ಬಂದು ಚಾರ್ಟನ್ನು ಮೇಲಿಂದ ಕೆಳಗೆ ನೋಡಿದರು.

‘ಇದರಲ್ಲಿ ತಂತ್ರಜ್ಞಾನ ಎಲ್ಲಿದೆ?’

ಮೇಜಿನ ಕೆಳಗೂ ಒಮ್ಮೆ ಬಗ್ಗಿ ನೋಡಿದರು.

‘ಮಾಡೆಲ್ ಎಲ್ಲಿ? ನೀನು ಏನು ಮಾಡಿದ್ದೀಯಮ್ಮ?’

‘ಏನೂ ಮಾಡಿಲ್ರಿ ಸಾರ್. ನುಂಗಿಸೀವಿ’ ಎಂದಳು ಹುಡುಗಿ.

ಅವರು ಮುಂದೆ ಹೋದರು. ಬಹುಮಾನ ಒಂದು ಜ್ವಾಲಾಮುಖಿಗೆ ಬಂತು. ವಾಪಸ್ ಬರುವಾಗ ಹೆಡ್‌ಮಾಸ್ಟರು ಬಹಳ ಬೇಜಾರಿನಲ್ಲಿ, ‘ಆ ಎಕ್ಸ್‌ರೇ ತೊಳಿಯೋದ ಚಲೋ ಇತ್ತು ಮೇಡಂ. ಜನ ಬರ್ತಿದ್ರು’ ಎಂದರು.

ಪ್ರದರ್ಶನ ಮುಗಿಯಿತು ಎಂದರೆ ಇಲಾಖೆಯ ಲೆಕ್ಕದಲ್ಲಿ ಯೋಜನೆ ಮುಗಿಯಿತು. ಅಂಕಗಳನ್ನು ಕೂಡಲೇ ಕಳಿಸಿ ಎಂದು ಹೆಡ್‌ಮಾಸ್ಟರು ಎಲ್ಲರಿಗೂ ಹೇಳಿದರು. ಗುಳಿಗೆ ಮಾತ್ರ ಇನ್ನೂ ತಿಂಗಳುಗಟ್ಟಲೆ ಬಾಕಿ ಇತ್ತು. ಹುಡುಗಿಯ ಅಪ್ಪನ ಕೆಮ್ಮು ಆಗಲೇ ನಿಂತಿತ್ತು, ಮೈಯಲ್ಲಿ ಸ್ವಲ್ಪ ಮಾಂಸ ಬಂದಿತ್ತು, ಪಂಪು ಮತ್ತೆ ತಮ್ಮ ಕೈಗೇ ತೆಗೆದುಕೊಂಡಿದ್ದರು. ಹಿಂದಿನ ಸಲ ಅವರು ಬಿಟ್ಟದ್ದು ಸರಿಯಾಗಿ ಇದೇ ಹಂತದಲ್ಲಿ.

ಅಂಕಪಟ್ಟಿ ತುಂಬುತ್ತಾ ಕೂತಿದ್ದಾಗ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

‘ಟೀಚರ್, ನನಗ ಮಾರ್ಕ್ಸ್ ಹಾಕಬ್ಯಾಡ್ರಿ.’

ಕೆಲಸಕ್ಕೆ ಸೇರಿದ ಮೇಲೆ ಮಕ್ಕಳ ಬಾಯಲ್ಲಿ ನಾನು ಕೇಳದಿದ್ದ ಬೇಡಿಕೆ ಅದೊಂದೇ. ಯಾಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳ ಹೆಸರಿನ ಮುಂದಿನ ಜಾಗವನ್ನು ಖಾಲಿ ಬಿಟ್ಟು ಪಟ್ಟಿ ಕೊಟ್ಟೆ. ಹೆಡ್‌ಮಾಸ್ಟರು ಕೇಳಿದರೆ ಯೋಜನೆ ಪ್ರಗತಿಯಲ್ಲಿದೆ ಎಂದೆ. ಅವರು ಮತ್ತೆ ಪೆನ್ಷನ್ನಿನ ಮಾತೆತ್ತಿದರು.

ಸುದ್ದಿ ಊರಿಗೆ ಮುಟ್ಟಲು ಎಷ್ಟು ಹೊತ್ತು? ಒಂದು ಸಂಜೆ ಹುಡುಗಿಯ ಅಪ್ಪ ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಬಸ್ ನಿಲ್ಲುವಲ್ಲಿಗೆ ಬಂದರು. ಹೊಡೆಯಲೆಂದಲ್ಲ, ಕೆಲಸದ ನಡುವೆ ಎದ್ದು ಬಂದಿದ್ದರು, ಅಷ್ಟೆ.

‘ನಮ್ ಹುಡುಗೀದು ಏನ್ ತಪ್ಪಾಗೇತ್ರಿ ಅಕ್ಕೋರೇ? ಎಲ್ಲಾರ್ಗೂ ಮಾರ್ಕ್ಸ್ ಹಾಕೀರಿ, ಅಕಿಗಷ್ಟ ಇಲ್ಲಂತ.’

‘ಕೆಲಸ ಪೂರ್ತಿ ಆಗಿಲ್ಲವಲ್ಲ. ಡಾಕ್ಟರು ಮುಗೀತು ಎಂದು ಬರೆದುಕೊಡಬೇಕು. ಅಲ್ಲಿ ತನಕ ಒಂದು ಅಂಕವೂ ಇಲ್ಲ.’

‘ಒಂದಿನ ತಪ್ಪಿದ್ರ?’

‘ತಪ್ಪಿದರೆ ಫೇಲು’ ಎಂದೆ. ಬಸ್ಸು ಬಂತು, ಹತ್ತಿದೆ.

ಸೊರಬದ ಅಕ್ಕೋರಿಗೆ ಕರುಳೇ ಇಲ್ಲ ಎಂದು ಊರವರು ಮಾತಾಡಿಕೊಂಡರು. ಕಾಯಿಲೆಯ ಮನುಷ್ಯನ ಮಗಳ ಮೇಲೆ ಹಗೆ ಸಾಧಿಸುತ್ತಾರೆ ಎಂದು ಶಾಲಾಭಿವೃದ್ಧಿ ಸಮಿತಿಯವರೊಬ್ಬರು ಹೆಡ್‌ಮಾಸ್ಟರ ಮುಂದೆ ದೂರಿದರು. ಬಸ್ಸಿಗೆ ಕಾಯುವಾಗ ನನಗೆ ಕೂರಲು ಸೈಕಲ್ ಶಾಪಿನಿಂದ ಸ್ಟೂಲು ಬರುವುದು ನಿಂತಿತು. ನನ್ನ ಸಿಟ್ಟಿನ ಸ್ವಭಾವದಿಂದ ಒಂದು ಉಪಕಾರವಾದದ್ದು ಆಗ ಮಾತ್ರ. ಈ ಹೆಂಗಸು ಕೊನೆಗೆ ಮರುಗಿ ಅಂಕ ಹಾಕಿಬಿಡಬಹುದು ಎಂದು ಆ ಊರಿನಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಹಸಿರು ಚುಕ್ಕೆಗಳು ಮೊದಲ ಶೀಟು ತುಂಬಿ ಇನ್ನೊಂದಕ್ಕೆ ಹೋದವು. ಗೆಳತಿಯರು ಪರೀಕ್ಷೆಯ ಓದಿಗೆಂದು ಬರುವುದು ಬಿಟ್ಟರೂ ಅವಳು ಬಿಡಲಿಲ್ಲ. ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ: ಅಪ್ಪ ನಾಲಿಗೆ ಎತ್ತಿ ತೋರಿಸುವುದು, ಮಗಳು ಬಗ್ಗಿ ನೋಡುವುದು.

ವಾರ್ಷಿಕ ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಅವಳ ಸಾಲು ಖಾಲಿಯಾಗಿದ್ದರೆ ಫಲಿತಾಂಶ ತಡೆಹಿಡಿಯಬೇಕಾಗುತ್ತದೆ ಎಂದು ಹೆಡ್‌ಮಾಸ್ಟರು ಕಡೆಯ ಎಚ್ಚರಿಕೆ ಕೊಟ್ಟಿದ್ದ ಮಧ್ಯಾಹ್ನ, ಅವಳ ಅಪ್ಪ ಶಿಕಾರಿಪುರದಿಂದ ನೇರ ಶಾಲೆಗೆ ಬಂದರು. ಬಿಸಿಲಲ್ಲಿ ಬೆವರಿದ್ದರು. ಡಾಕ್ಟರ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟರು. ಕಫದಲ್ಲಿ ಏನೂ ಇಲ್ಲ, ಎದೆ ಸ್ವಚ್ಛವಾಗಿದೆ, ಔಷಧಿ ನಿಲ್ಲಿಸಬಹುದು.

ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಚೀಟಿಯನ್ನು ಎರಡೆರಡು ಸಲ ಓದಿದೆ. ಕಡೆಗೆ ಟೀಚರ ಬುದ್ಧಿ ಬಿಡದೆ, ‘ಈಗಲಾದರೂ ಗೊತ್ತಾಯಿತಲ್ಲ, ವಾಸಿ ಮಾಡಿದ್ದು ಗುಳಿಗೆ’ ಎಂದೆ.

ಅವರು ಸಂಕೋಚದಿಂದ ನಕ್ಕರು.

‘ನೀವು ಓದಿದೋರು, ನಿಮ್ಮೆದ್ರಿಗೆ ನಾ ಏನ್ ಹೇಳ್ಲಿ ಅಕ್ಕೋರೇ. ನನ್ ಎದಿ ಅವತ್ತ ತೊಳದು ಹೋಗೇತ್ರಿ, ಮಕ್ಳ ಕೈಯಾಗ. ಈ ಗುಳಿಗಿ ನಾ ನುಂಗಿದ್ದು ಅಕೀ ಮಾರ್ಕ್ಸಿಗೆ. ಎಲ್ಲಾ ಮುಗಿಸೀನ್ರಿ. ಇನ್ನರ ಹಾಕ್ರಿ.’

ಅಂಕಪಟ್ಟಿ ತೆಗೆದೆ. ಅವಳ ಹೆಸರಿನ ಮುಂದೆ ಪೂರ್ತಿ ಅಂಕ ಬರೆದು, ಪುಸ್ತಕವನ್ನು ತಿರುಗಿಸಿ ಅವರಿಗೆ ತೋರಿಸಿದೆ. ಅವರು ಬಗ್ಗಿ, ಬೆರಳಿಟ್ಟು, ಎಷ್ಟಕ್ಕೆ ಎಷ್ಟು ಎಂದು ಕೇಳಿ ತಿಳಿದುಕೊಂಡರು. ಮುಖ ಒಂದು ಕ್ಷಣ ಅರಳಿತು. ಆಮೇಲೆ ಏನೋ ನೆನಪಾದಂತೆ ಕಳೆಗುಂದಿತು. ಬಾಗಿಲ ಕಡೆ ನೋಡಿ, ಮಗಳಿಗೆ ಕೇಳಿಸಬಾರದೆಂಬ ಹಾಗೆ ದನಿ ತಗ್ಗಿಸಿದರು.

‘ಪೂರ್ತಿ ಕೊಟ್ಟೀರಿ. ಒಂದಿನ ಅಕಿ ಆ ಕಡಿ ಹೋದ ಮ್ಯಾಲೆ ವಾಂತಿ ಆಗಿತ್ರಿ, ಗುಳಿಗಿ ಹೊರಗ ಬಂದಿತ್ತು. ಅಕಿಗೆ ಹೇಳಿಲ್ಲ. ಅದಕ್ಕ ಕಟ್ ಮಾಡೋದಿದ್ರ ಮಾಡ್ರಿ. ಫೇಲ್ ಮಾತ್ರ ಮಾಡಬ್ಯಾಡ್ರಿ.’